ಗಾಳಿ ತಿಂದು ಓಡಿದ ಜಿಂಕೆ

ಮೊದಲು ಒಂದು ಒಗಟು. ಒಳಗಿದ್ದರೆ ಹಗುರ, ಒಳಗಿಲ್ಲದಿದ್ದರೆ ಭಾರ. ಏನದು? ಯೋಚನೆ ಮಾಡಿ. ಹೊಳೆಯದಿದ್ದರೆ ಬೇಜಾರು ಮಾಡ್ಕೋಬೇಡಿ, ಉತ್ತರ ನನಗೂ ಗೊತ್ತಿಲ್ಲ. ಒಗಟು ಕೇಳಿದರೆ ಎದ್ದು ಹೊರಟವರೂ ಕೂತುಕೊಳ್ಳುತ್ತಾರೆ, ಅದಕ್ಕೇ ಕೇಳಿದೆ. ಕೂತಿದ್ದೀರಲ್ಲ, ಈಗ ಕಥೆ.

ಒಂದು ಕಾಡಿನಲ್ಲಿ, ಮಂಜು ಮಧ್ಯಾಹ್ನವಾದರೂ ಏಳದೆ ಹುಲ್ಲಿನ ಮೇಲೆ ಮಲಗಿರುತ್ತಿದ್ದ ಕಾಡಿನಲ್ಲಿ, ಒಂದು ಜಿಂಕೆ ಇತ್ತು. ಬೆನ್ನ ಮೇಲೆ ಯಾರೋ ಎಳ್ಳು ಚೆಲ್ಲಿದ ಹಾಗೆ ಚುಕ್ಕೆಗಳು. ಎಲ್ಲರೂ ಅವಳನ್ನು ಎಳ್ಳಿ ಎಂದೇ ಕರೆಯುತ್ತಿದ್ದರು. ಕೆರೆಯ ಪಕ್ಕದ ನೆಲ್ಲಿಮರದಲ್ಲಿ ಮಸಿಯಪ್ಪ ಎಂಬ ಮುಸುವ ಇದ್ದ. ಕಪ್ಪು ಮೋರೆ, ಮಾರುದ್ದ ಬಾಲ. ಇಬ್ಬರ ನಡುವೆ ಒಂದು ಒಪ್ಪಂದವಿತ್ತು. ಅವನು ಮೇಲಿನಿಂದ ನೆಲ್ಲಿಕಾಯಿ, ಚಿಗುರು ಉದುರಿಸಬೇಕು. ಅವನು ನೀರಿಗೆ ಇಳಿದಾಗ ಅವಳು ಗಾಳಿ ಮೂಸಿ ಕಾವಲಿರಬೇಕು. ಯಾಕೆಂದರೆ ಆ ಕಾಡಿನಲ್ಲಿ ಚಿರತೆಯೂ ಇತ್ತು.

ಪ್ರತಿ ವರ್ಷ ಚಳಿ ಮುಗಿಯುವಾಗ ಜಿಂಕೆಗಳ ಓಟ ನಡೆಯುತ್ತಿತ್ತು. ಗೆದ್ದವರು ಹಿಂಡಿನ ಮುಂದಾಳು. ಹೋದ ವರ್ಷ ಎಳ್ಳಿ ಒಂದು ಮೂತಿಯಷ್ಟು ಅಂತರದಲ್ಲಿ ಸೋತಿದ್ದಳು. ಈ ಸಲ ಗೆಲ್ಲಲೇಬೇಕು ಅಂತ ಮಳೆ ನಿಂತ ದಿನದಿಂದ ಕೆರೆ ಸುತ್ತ ಓಡತೊಡಗಿದಳು. ಓಡಿದಷ್ಟೂ ಹಸಿವು, ಹಸಿದಷ್ಟೂ ತಿಂದಳು. ಆ ವರ್ಷ ಮರದಲ್ಲಿ ಕಾಯಿ ಕಡಿಮೆ. ಅವಳು ತಿನ್ನುವುದನ್ನು ನೋಡಿ ನೋಡಿ ಮಸಿಯಪ್ಪನಿಗೆ ಹೊಟ್ಟೆಯುರಿ ಬಂತು. ಹೊಟ್ಟೆಯುರಿಯಿಂದ ಉಪಾಯವೂ ಬಂತು.

"ಎಳ್ಳಿ, ಒಂದು ಮಾತು. ಬೇಜಾರು ಮಾಡ್ಕೋಬಾರದು."

"ಹೇಳು ಮಾಮ."

"ಬೂರುಗದ ಅರಳೆ ಹಾರೋದು ನೋಡಿದ್ದೀಯಾ?"

"ನೋಡಿದ್ದೀನಿ."

"ಬೂರುಗದ ಕಾಯಿ ಹಾರುತ್ತಾ?"

"ಇಲ್ಲ. ಅದು ಭಾರ."

"ಈಗ ನೀನು ಕಾಯಿ, ಪುಟ್ಟಾ. ಅರಳೆ ಆಗು."

ಎಳ್ಳಿ ದಿನಕ್ಕೆ ನಾಲ್ಕೇ ಎಲೆಗೆ ನಿಲ್ಲಿಸಿದಳು. ಮೊದಮೊದಲು ಚೆನ್ನಾಗೇ ಇತ್ತು. ಕಾಲು ನೆಲ ಮುಟ್ಟಿದ್ದೇ ತಿಳಿಯುತ್ತಿರಲಿಲ್ಲ. ಮಂಜಿನೊಳಗೆ ಓಡಿದರೆ ಮಂಜು ಎಲ್ಲಿ ಮುಗಿಯಿತು, ತಾನು ಎಲ್ಲಿ ಶುರುವಾದೆ ಅನ್ನುವುದೇ ಗೊತ್ತಾಗುತ್ತಿರಲಿಲ್ಲ.

"ಮಾಮ, ನಾನು ಹಾರ್ತಾ ಇದ್ದೀನಿ."

"ಇನ್ನೆರಡು ಎಲೆ ಬಿಡು. ಮೋಡ ದಾಟ್ತೀಯ," ಅಂದ ಮಸಿಯಪ್ಪ. ಬಾಯಿ ತುಂಬ ನೆಲ್ಲಿಕಾಯಿ ಇದ್ದದ್ದರಿಂದ ಮಾತು ಸರಿಯಾಗಿ ಹೊರಡಲಿಲ್ಲ.

ಬರುಬರುತ್ತಾ ಎಳ್ಳಿಗೆ ಬಿಸಿಲಲ್ಲೂ ಚಳಿಯಾಯಿತು. ಕೂದಲು ಉದುರಿ ಬೆನ್ನಿನ ಚುಕ್ಕೆ ಮಸುಕಾದವು. ಕಣ್ಣು ಮುಚ್ಚಿದರೆ ನೆಲ್ಲಿಕಾಯಿಗಳು ಪುಟ್ಟ ಹಸಿರು ಚಂದ್ರರಂತೆ ತೇಲಿಕೊಂಡು ಬರುತ್ತಿದ್ದವು, ಬಾಯಿ ತೆರೆದರೆ ದೂರ ಸರಿಯುತ್ತಿದ್ದವು. ಜೊತೆಯವರಿಗೆಲ್ಲ ಬೆದೆಯ ಕಾಲ ಬಂತು, ಹೊಟ್ಟೆಯಲ್ಲಿ ಮರಿ ನಿಂತವು. ಎಳ್ಳಿಯ ಮೈಗೆ ಆ ಕಾಲ ಬರಲೇ ಇಲ್ಲ.

ಹಿಂಡಿನ ಮುದಿ ಜಿಂಕೆ ಕಾಳಜ್ಜಿ ಒಂದು ಉದುರಿದ ಕೊಂಬನ್ನು ಕಡಿಯುತ್ತಾ ಕೂತಿದ್ದಳು. ಎಲುಬು ಗಟ್ಟಿಯಾಗಲಿ ಅಂತ ಜಿಂಕೆಗಳು ಹಾಗೆ ಕೊಂಬು ಕಡಿಯುವುದುಂಟು.

"ಬಾರೇ, ಇನ್ನೊಂದು ತುದಿ ನೀನು ಕಡಿ."

"ಬೇಡ ಅಜ್ಜಿ. ಭಾರ ಆಗ್ತೀನಿ."

"ಕಾಲಿಗೂ ಊಟ ಬೇಕು ಕಣೇ. ನೀನು ಹೊರಗಿಂದ ಹಾಕದಿದ್ದರೆ ಅದು ಒಳಗಿಂದ ತಗೊಂಡು ತಿನ್ನುತ್ತೆ. ಮೊದಲು ಕೊಬ್ಬು, ಆಮೇಲೆ ಮಾಂಸ, ಆಮೇಲೆ ಎಲುಬು."

"ನಿನಗೆ ವಯಸ್ಸಾಯ್ತು ಅಜ್ಜಿ," ಅಂದು ಎಳ್ಳಿ ಓಡಿಹೋದಳು.

ಓಟದ ಬೆಳಗು ಬಂತು. ಎಳ್ಳಿ ಎಲ್ಲರಿಗಿಂತ ಮುಂದಿದ್ದಳು. ದಾರಿಯಲ್ಲಿ ಕಲ್ಲಿರಲಿಲ್ಲ, ಗುಂಡಿಯಿರಲಿಲ್ಲ, ಬರೀ ಮೆತ್ತನೆಯ ಹುಲ್ಲು. ಆದರೂ ಮುಂಗಾಲಿನೊಳಗೆ ಒಣಕಡ್ಡಿ ಮುರಿದ ಹಾಗೆ ಟಿಕ್ ಅಂತ ಒಂದು ಸದ್ದಾಯಿತು. ಅವಳು ಕೂತುಬಿಟ್ಟಳು. ಉಳಿದ ಜಿಂಕೆಗಳು ಒಂದೊಂದಾಗಿ ಅವಳನ್ನು ದಾಟಿ ಮಂಜಿನಲ್ಲಿ ಕರಗಿದವು. ಗೆದ್ದವಳು ಹಿಂಡನ್ನು ಹೊಸ ಹುಲ್ಲಿನ ಕಡೆ ಕರೆದುಕೊಂಡು ಹೋದಳು. ಕಾಳಜ್ಜಿ ಒಬ್ಬಳು ಉಳಿದಳು. ಎಳ್ಳಿಯನ್ನು ಕುಂಟಿಸಿಕೊಂಡು ನೆಲ್ಲಿಮರದ ಕೆಳಗೆ ತಂದು ಮಲಗಿಸಿ, ಕೊಂಬು ತರಲು ಹೊರಟಳು.

ಮಸಿಯಪ್ಪನಿಗೆ ಬಾಯಾರಿತು. ಅಷ್ಟು ನೆಲ್ಲಿಕಾಯಿ ತಿಂದ ಮೇಲೆ ಇನ್ನೇನು.

"ಎಳ್ಳಿ, ಇಳೀತೀನಿ. ಗಾಳಿ ನೋಡ್ಕೋ."

"ಹೂಂ ಮಾಮ."

ಗಾಳಿಯಲ್ಲಿ ಚಿರತೆಯ ನಾತ ಬಂತು. ಎಳ್ಳಿಯ ತಲೆಯೊಳಗೂ ಮಂಜು ತುಂಬಿತ್ತು. ಆ ನಾತ ಯಾವುದೋ ದೂರದ ಕನಸಿನದು ಅನ್ನಿಸಿತು. ಅದು ಕನಸಲ್ಲ ಅಂತ ತಿಳಿಯುವಷ್ಟರಲ್ಲಿ ಚಿರತೆ ಹಾರಿತ್ತು. ಮಸಿಯಪ್ಪ ಮರ ಹತ್ತಿದ. ಅರ್ಧ ಬಾಲ ಚಿರತೆಯ ಬಾಯಲ್ಲೇ ಉಳಿಯಿತು.

"ಯಾಕೆ ಕೂಗಲಿಲ್ಲ ನೀನು?" ಅಂದ ಅವನು, ಅಳುತ್ತಾ.

"ಕೂಗಿದೆ ಮಾಮ. ಗಂಟಲಿಂದ ಆಚೆ ಬರಲಿಲ್ಲ."

ಚಿರತೆ ಬಾಲವನ್ನು ಉಗಿದು ಎಳ್ಳಿಯ ಕಡೆ ತಿರುಗಿತು. ಅವಳು ಏಳಲು ನೋಡಿದಳು. ಕಾಲು ಏಳಲಿಲ್ಲ.

ಮಸಿಯಪ್ಪ ಕೆಳಗೆ ನೋಡಿದ. ಅವಳ ಪಕ್ಕೆಲುಬು ಎಣಿಸಬಹುದಿತ್ತು. ಅದು ಯಾರ ಕೆಲಸ ಅಂತ ಅವನಿಗೆ ಯಾರೂ ಹೇಳಬೇಕಾಗಿರಲಿಲ್ಲ. ಅವನು ಕೊಂಬೆ ಹಿಡಿದು ಅಲ್ಲಾಡಿಸಿ, ಕಾಡಿಗೆ ಕಾಡೇ ಕೇಳುವ ಹಾಗೆ ಕೂಗಿದ. ಅತ್ತ ಕಾಳಜ್ಜಿ ಕೂಗಿದಳು. ನವಿಲುಗಳು ಕೂಗಿದವು. ಕದ್ದು ಬಂದದ್ದು ಎಲ್ಲರಿಗೂ ಗೊತ್ತಾದ ಮೇಲೆ ಚಿರತೆಗೆ ನಿಲ್ಲಲು ಮನಸ್ಸಾಗಲಿಲ್ಲ. ಮಂಜಿನೊಳಗೆ ಹೋಗಿ ಮಂಜೇ ಆಯಿತು. ಮರದಿಂದ ನೆಲ್ಲಿಕಾಯಿಗಳು ಎಳ್ಳಿಯ ಸುತ್ತ ಉದುರುತ್ತಲೇ ಇದ್ದವು. ಅವಳು ಒಂದನ್ನು ಬಾಯಿಗೆ ಹಾಕಿಕೊಂಡಳು. ಈ ಸಲ ಅದು ದೂರ ಸರಿಯಲಿಲ್ಲ. ಆ ಬೇಸಿಗೆಯೆಲ್ಲ ಮೋಟು ಬಾಲದ ಮಸಿಯಪ್ಪ ಮೇಲಿನಿಂದ ಸೊಪ್ಪು ಉದುರಿಸಿದ. "ಸಾಲದು, ಇನ್ನೂ ಹಾಕು," ಅಂತ ಕಾಳಜ್ಜಿ ಕೆಳಗಿನಿಂದ ಹೇಳುತ್ತಲೇ ಇದ್ದಳು. ಮಳೆಗಾಲದ ಹೊತ್ತಿಗೆ ಎಳ್ಳಿಯ ಎಲುಬು ಕೂಡಿತು.

ನಿಜ ಹೇಳಿಬಿಡುತ್ತೇನೆ. ನನಗೆ ಈ ಕಥೆ ಹೇಳಿದ ದೊಡ್ಡತ್ತೆ ಚಿರತೆ ತಿರುಗಿದಲ್ಲಿಗೇ ನಿಲ್ಲಿಸಿ ಎದ್ದುಹೋದರು. ಅಲ್ಲಿಂದ ಮುಂದಿನದೆಲ್ಲ ನಾನು ಕಟ್ಟಿದ್ದು. ಕಾಲು ಮುರಿದು ಕೂತವಳನ್ನು ಚಿರತೆಯ ಮುಂದೆ ಬಿಟ್ಟು ಬಂದು ಆವತ್ತು ನನಗೆ ಊಟ ಸೇರಲಿಲ್ಲ.

ನೀತಿ: ಓಡುವ ಮೈಗೆ ಹೊಟ್ಟೆತುಂಬ ಊಟ ಬೇಕು, ಇನ್ನೊಬ್ಬರ ಊಟ ಕಡಿಮೆ ಮಾಡಿಸಿದವನು ತನ್ನ ಕಾವಲನ್ನೇ ಕಳೆದುಕೊಳ್ಳುತ್ತಾನೆ.