ಆವಿಗೆಯ ಮುಂದೆ ಕೂತವಳು

"ಗುರುಗಳೇ, ಮನುಷ್ಯರೇ ಮಾಡಿದ ಕಟ್ಟಳೆ ಮನುಷ್ಯರನ್ನೇ ಆಳುವುದು ಹೇಗೆ?"

ಚನ್ನವೀರ ಈ ಪ್ರಶ್ನೆಯನ್ನು ಕುಳಿತುಕೊಂಡು ಕೇಳಿದ. ಆ ಮಠದಲ್ಲಿ ಪ್ರಶ್ನೆ ಕೇಳುವ ಶಿಷ್ಯ ಎದ್ದು ನಿಲ್ಲಬೇಕು, ಕೈಕಟ್ಟಿಕೊಂಡು ಕೇಳಬೇಕು. ಯಾವ ಕಾಲದಿಂದಲೋ ನಡೆದುಬಂದ ಕ್ರಮ ಎಂದೇ ಎಲ್ಲರೂ ತಿಳಿದಿದ್ದರು. ನಿಂತು ಕೇಳಿದರೆ ಪ್ರಶ್ನೆಗೆ ತೂಕ ಹೆಚ್ಚುತ್ತದೆಯೇ ಎಂದು ಅವನು ಹಿಂದಿನ ದಿನ ಊಟದ ಪಂಕ್ತಿಯಲ್ಲಿ ಜೊತೆಯವರನ್ನು ವಿಚಾರಿಸಿದ್ದ. ತೂಕದ ಮಾತು ಹಾಗಿರಲಿ, ಕುಳಿತು ಕೇಳಿ ನೋಡು, ಸಂಜೆಯೊಳಗೆ ನಿನ್ನ ಹಾಸಿಗೆ ಸುತ್ತಿ ಬಾಗಿಲಾಚೆ ಇಟ್ಟಿರುತ್ತಾರೆ ಎಂದು ಅವರು ನಕ್ಕಿದ್ದರು. ಮಠ ಬಿಟ್ಟರೆ ಅವನ ಓದಿಗೆ ಬೇರೆ ನೆಲೆಯಿರಲಿಲ್ಲ. ಆದರೂ ನಿಶ್ಚಯ ಮಾಡಿಕೊಂಡು ಬಂದು ಕುಳಿತೇ ಕೇಳಿದ.

ಗುರುಗಳು ಅವನಿಗೆ ಏಳು ಎನ್ನಲಿಲ್ಲ, ಕೂತಿರು ಎಂದೂ ಹೇಳಲಿಲ್ಲ. ಒಂದು ಕತೆ ಹೇಳಿದರು.

ಒಂದು ಕುಂಬಾರರ ಕೇರಿ. ಹನ್ನೆರಡು ಮನೆ, ಹನ್ನೆರಡಕ್ಕೂ ಸೇರಿ ಮಡಕೆ ಸುಡಲು ಒಂದೇ ಆವಿಗೆ. ಹಸಿ ಮಡಕೆಗಳನ್ನು ಒಟ್ಟಿ, ನಡುನಡುವೆ ಸೌದೆ ಸೇರಿಸಿ, ಮೇಲೆ ಹುಲ್ಲು ಹೊದಿಸಿ, ಮಣ್ಣು ಮೆತ್ತಿ ಬೆಂಕಿಯಿಡುತ್ತಿದ್ದರು. ಬೆಂಕಿ ಆರಿದ ಮೇಲೆ ಎರಡು ದಿನ ಹಾಗೇ ಬಿಟ್ಟು ಮೂರನೆಯ ಬೆಳಿಗ್ಗೆ ತೆರೆಯುತ್ತಿದ್ದರು. ಅಷ್ಟು ಸೌದೆ, ಅಷ್ಟು ಕೈ ಒಂದೇ ಮನೆಗೆ ಎಲ್ಲಿಂದ ಬರಬೇಕು? ಹಾಗಾಗಿ ಆವಿಗೆಯಲ್ಲಿ ಜಾಗ ಕಳೆದುಕೊಂಡ ಮನೆಯವರು ಕೇರಿಯನ್ನೇ ಬಿಟ್ಟು ಹೋಗಬೇಕಿತ್ತು.

ಕೇರಿಯಲ್ಲಿ ಎರಡು ಕಟ್ಟಳೆ. ಸಾಲಾಗಿ ಮೂರು ಸಲ ಮಡಕೆ ಇಡದ ಮನೆಗೆ ಆವಿಗೆಯಲ್ಲಿ ಜಾಗವಿಲ್ಲ. ಇನ್ನೊಂದು, ಹೆಂಗಸು ಮಡಕೆ ಮಾಡುವ ಚಕ್ರವನ್ನು, ಆ ತಿಗರಿಯನ್ನು, ಮುಟ್ಟಬಾರದು. ಅವಳು ಮಣ್ಣು ಹೊರಬಹುದು, ಸೋಸಬಹುದು, ತುಳಿಯಬಹುದು, ಹಸಿ ಮಡಕೆಯನ್ನು ತಟ್ಟಿ ಹದ ಮಾಡಬಹುದು. ತಿರುಗುವ ತಿಗರಿಯ ಮುಂದೆ ಮಾತ್ರ ಕೂರುವಂತಿಲ್ಲ. ಕೂತರೆ ಆವಿಗೆಯಲ್ಲಿ ಯಾರ ಮಡಕೆಯೂ ಒಡೆಯದೆ ನಿಲ್ಲುವುದಿಲ್ಲ ಎಂದು ನಂಬಿಕೆ.

ಆ ಕೇರಿಯ ಒಬ್ಬ ಕುಂಬಾರ ಸೌದೆಯ ಹೊರೆಯ ಸಮೇತ ಬಿದ್ದು ಬಲಗೈ ಮುರಿದುಕೊಂಡ. ಒಂದು ಸಲದ ಆವಿಗೆ ತಪ್ಪಿತು. ಕೈ ಕೂಡಿಕೊಳ್ಳುವ ಲಕ್ಷಣ ಕಾಣಲಿಲ್ಲ. ಅವನ ಹೆಂಡತಿ ಒಂದು ಬೆಳಿಗ್ಗೆ ಸೆರಗು ಸಿಕ್ಕಿಸಿ ತಿಗರಿಯ ಮುಂದೆ ಕೂತಳು. ಇಪ್ಪತ್ತು ವರ್ಷ ಮೂರು ಮೊಳ ದೂರದಿಂದ ಅದನ್ನು ನೋಡಿದವಳು ಅವಳು. ಗಂಡ ಗಾಬರಿಯಾದ. ಜನ ಸುಮ್ಮನಿರುವುದಿಲ್ಲ ಎಂದ. ಸುಮ್ಮನಿರದ ಜನ ನಮಗೆ ಮಡಕೆ ಮಾಡಿಕೊಡುತ್ತಾರೆಯೇ ಎಂದು ಅವಳು ಕೇಳಿದಳು. ನೀವು ಬಾಯಲ್ಲಿ ಹೇಳಿ, ನಾನು ಕೈಯಲ್ಲಿ ಮಾಡುತ್ತೇನೆ ಎಂದಳು. ಮೊದಲ ಮಡಕೆ ಕುಡಿದವನ ಹಾಗೆ ವಾಲಿತು. ಹತ್ತನೆಯದು ನೆಟ್ಟಗೆ ನಿಂತಿತು. ನಲವತ್ತನೆಯದನ್ನು ಗಂಡ ಎಡಗೈಯಲ್ಲಿ ತಿರುಗಿಸಿ ನೋಡಿ, ಕಂಠ ಸ್ವಲ್ಪ ದಪ್ಪವಾಯಿತು ಎಂದಷ್ಟೇ ಹೇಳಿದ. ಅವನ ಬಾಯಲ್ಲಿ ಅದು ದೊಡ್ಡ ಹೊಗಳಿಕೆ.

ಅವಳು ಮುಚ್ಚಿಡಲಿಲ್ಲ. ಹನ್ನೊಂದು ಮನೆಗೂ ಹೋಗಿ ಕೇಳಿದಳು. ಪ್ರತಿ ಮನೆಯಲ್ಲೂ ಅವಳನ್ನು ಕೂರಿಸಿ ನೀರು ಕೊಟ್ಟು ಒಂದೇ ಮಾತು ಹೇಳಿದರು. ನಮ್ಮದೇನೂ ಅಡ್ಡಿಯಿಲ್ಲ ತಾಯಿ, ಉಳಿದ ಹತ್ತು ಮನೆಯವರು ಒಪ್ಪಬೇಕಲ್ಲ ಎಂದರು. ಮನೆಗೆ ಬಂದು ಅವಳು ಗಂಡನ ಮುಂದೆ ಹೊಟ್ಟೆ ಹಿಡಿದು ನಕ್ಕಳು. ಹನ್ನೊಂದು ಮನೆಯವರದೂ ಅಡ್ಡಿಯಿಲ್ಲವಂತೆ, ಹನ್ನೊಂದು ಮನೆಯವರಿಗೂ ಉಳಿದ ಹತ್ತರದೇ ಭಯವಂತೆ ಎಂದಳು.

ಬೇಡ ಎನ್ನುವ ಬಾಯಿ ಯಾರದೂ ಆಗದೆ ಹೋದದ್ದರಿಂದ ಅವಳ ಮಡಕೆಗಳು ಆವಿಗೆಯ ಪಡುವಣ ಮೂಲೆಗೆ ಸೇರಿದವು. ಬೆಂಕಿ ಇಟ್ಟರು. ಬೆಂಕಿ ಆರಿತು. ಅಲ್ಲಿಂದ ಶುರುವಾಯಿತು ಕೇರಿಯ ಸಂಕಟ. ಒಳಗೆ ಏನಾಗಿದೆಯೋ, ಎಲ್ಲ ಹೋಯಿತೋ, ಅರ್ಧವಾದರೂ ಉಳಿಯಿತೋ ಎಂದು ಯಾರಿಗೂ ಊಟ ಸೇರಲಿಲ್ಲ. ಮರುದಿನ ಮಧ್ಯಾಹ್ನಕ್ಕೆ ಹಿರಿಯ ಕುಂಬಾರನಿಗೆ ತಡೆಯಲಾಗಲಿಲ್ಲ. ಒಂದು ಚೂರು ಇಣುಕಿ ನೋಡೋಣ ಎಂದು ಮೂಡಣ ಮಗ್ಗುಲಲ್ಲಿ ಬಿದಿರು ಗಳದಿಂದ ಮಣ್ಣು ಕೆದಕಿದ. ಮೂಡುಗಾಳಿ ಬೀಸುತ್ತಿತ್ತು. ತಣ್ಣನೆಯ ಗಾಳಿ ಕೆಂಡದಂಥ ಮಡಕೆಗಳ ಮೇಲೆ ನುಗ್ಗಿತು. ಒಳಗೆ ಒಂದಾದ ಮೇಲೊಂದು ಟಪ್ಪೆಂದು ಬಿರಿಯತೊಡಗಿದವು. ಹಿರಿಯ ಗಳ ಕೆಳಗಿಟ್ಟು ಸುತ್ತಲಿದ್ದವರ ಮುಖ ನೋಡಿದ. ಕೇಳಿಸಿತೇ, ಹಿರಿಯರು ಹೇಳಿದ್ದು ಸುಳ್ಳಾಯಿತೇ ಎಂದ.

ಮೂಲೆಯಲ್ಲಿದ್ದ ಅವಳ ಮಡಕೆಗಳಿಗೆ ಗಾಳಿ ತಾಕಿರಲಿಲ್ಲ. ಅವು ಉಳಿದವು. ಅದು ಇನ್ನೂ ಕೆಟ್ಟದಾಯಿತು. ಊರವರದೆಲ್ಲ ಒಡೆದು ಅವಳದು ಮಾತ್ರ ಉಳಿದದ್ದು ಹೇಗೆ ಎಂದರು. ತೆರೆದದ್ದರಿಂದ ಒಡೆಯಿತು ಎಂದು ಅವಳು ಎಷ್ಟು ಹೇಳಿದರೂ ಯಾರ ಕಿವಿಗೂ ಹೋಗಲಿಲ್ಲ. ಆ ಸಲದ ಅವಳ ಮಡಕೆ ಲೆಕ್ಕಕ್ಕಿಲ್ಲ ಎಂದು ತೀರ್ಮಾನವಾಯಿತು. ಅಲ್ಲಿಗೆ ಎರಡು ಸಲ ತಪ್ಪಿದಂತಾಯಿತು. ಮಣ್ಣು ತೆಗೆಯುವ ಕೆರೆಯಂಗಳಕ್ಕೆ ಅವಳು ಹೋದರೆ ಉಳಿದ ಹೆಂಗಸರು ಬುಟ್ಟಿ ಎತ್ತಿಕೊಂಡು ಹೊರಡುತ್ತಿದ್ದರು. ಯಾರೂ ಬೈಯಲಿಲ್ಲ. ಬೈದಿದ್ದರೆ ತಿರುಗಿ ಬೈಯಬಹುದಿತ್ತು ಎಂದು ಅವಳು ಗಂಡನಿಗೆ ಹೇಳಿದಳು.

ನಿನ್ನ ತವರಿಗೆ ಹೋಗಿಬಿಡೋಣವೇ ಎಂದು ಅವನು ಕೇಳಿದ. ಗಂಡಸಿಗೂ ತವರಿನ ಆಸೆಯೇ ಎಂದು ಅವನನ್ನು ನಗಿಸಿ, ಅವಳು ಮತ್ತೆ ತಿಗರಿಗೆ ಕೂತಳು.

ಮೂರನೆಯ ಆವಿಗೆ ಒಟ್ಟುವ ದಿನ ಅವಳು ಎಲ್ಲರೆದುರು ಹಿರಿಯನ ಬಳಿಗೆ ಹೋದಳು. ನನ್ನ ಮಡಕೆಗಳನ್ನು ಈ ಸಲ ಮೂಲೆಗಲ್ಲ, ನಟ್ಟನಡುವೆ ಇಡಿ ಎಂದಳು. ಒಡೆದರೆ ನಾಳಿದ್ದೇ ಕೇರಿ ಬಿಡುತ್ತೇವೆ, ಯಾರೂ ಕಳಿಸಬೇಕಾಗಿಲ್ಲ ಎಂದಳು. ಒಂದೇ ಷರತ್ತು, ಮೂರನೆಯ ಬೆಳಿಗ್ಗೆಯವರೆಗೆ ಯಾರೂ ತೆರೆಯಬಾರದು. ಕೇರಿ ಬಿಡುತ್ತೇವೆ ಎಂಬ ಮಾತು ಹಿರಿಯನಿಗೆ ಹಿಡಿಸಿತು. ಒಪ್ಪಿದ.

ಬೆಂಕಿ ಆರಿದ ಕ್ಷಣದಿಂದ ಅವಳು ಆವಿಗೆಯ ಮುಂದೆ ಚಾಪೆ ಹಾಕಿ ಕೂತಳು. ಮೊದಲ ದಿನ ಜನ ದೂರದಲ್ಲಿ ನಿಂತು ನೋಡಿದರು. ಎರಡನೆಯ ದಿನ ಹತ್ತಿರ ಬಂದರು. ಮಧ್ಯಾಹ್ನದ ಹೊತ್ತಿಗೆ ಒಳಗೆ ಟಪ್ಪೆಂದು ಒಂದು ಸದ್ದಾಯಿತು. ಅವಳು ಮುಂದಕ್ಕೆ ಬಾಗಿ ಕಿವಿಗೊಟ್ಟಳು. ಮೊದಲೇ ಬಿರುಕಿದ್ದ ಯಾವುದೋ ಒಂದು ಇರಬೇಕು, ಒಂದೇ ಇರಬೇಕು ಎಂದು ತನಗೆ ತಾನೇ ಹೇಳಿಕೊಂಡಳು. ಹಿರಿಯ ಗಳ ಹಿಡಿದು ಬಂದ. ಅವಳು ಎದ್ದು ಅಡ್ಡ ನಿಂತಳು.

"ಪಕ್ಕಕ್ಕೆ ಸರಿಯಮ್ಮಾ, ಒಡೆದದ್ದು ಕೇಳಿಸಲಿಲ್ಲವೇ?"

"ಕೇಳಿಸಿತು ಮಾವ. ಈಗ ಒಡೆದದ್ದು ಒಂದು. ನೀವು ತೆರೆದರೆ ಒಡೆಯುವುದು ಎಲ್ಲವೂ. ಆ ಗಳ ಮೊದಲು ನನಗೆ ತಾಕಬೇಕು, ಆಮೇಲೆ ಆವಿಗೆಗೆ."

ಹಿರಿಯ ಸುತ್ತ ನೋಡಿದ, ಯಾರಾದರೂ ಬಂದು ಅವಳನ್ನು ಎಳೆದಾರೆಂದು. ಹನ್ನೊಂದು ಮನೆಯವರೂ ಉಳಿದ ಹತ್ತು ಮನೆಯವರ ಕಡೆ ನೋಡಿದರು. ಯಾರೂ ಬರಲಿಲ್ಲ. ಅವನು ಗಳ ಊರಿಕೊಂಡು ಮನೆಗೆ ಹೋದ.

ಮೂರನೆಯ ಬೆಳಿಗ್ಗೆ ತೆರೆದರು. ಹನ್ನೆರಡು ಮನೆಯ ಮಡಕೆಗಳಲ್ಲಿ ಒಡೆದದ್ದು ಒಂದೇ. ಅದೂ ಹಿರಿಯನದು.

ಸೋಲೊಪ್ಪುವುದು ಹಿರಿಯನಿಗೆ ಅಭ್ಯಾಸವಿರಲಿಲ್ಲ. ಬಹಳ ಹೊತ್ತು ಯೋಚಿಸಿ, ತಿಗರಿ ಮುಟ್ಟಿದವಳೇ ಆವಿಗೆಯ ಮುಂದೆ ಕೂತಳಲ್ಲ, ಅದರಿಂದ ಉಳಿಯಿತು ಎಂದ. ಕೇರಿಗೆ ಈ ಮಾತು ಒಪ್ಪಿಗೆಯಾಯಿತು. ಅವಳಿಗೆ ನಗು ಬಂತು. ತನ್ನ ಮನೆಯ ಜಾಗ ಉಳಿಯಿತಲ್ಲ, ಏನಾದರೂ ಅಂದುಕೊಳ್ಳಲಿ ಎಂದು ಸುಮ್ಮನಾದಳು. ಮುಂದಿನ ಆವಿಗೆಗೆ ಅವರೇ ಬಂದು ಅವಳನ್ನು ಕರೆದರು, ಚಾಪೆಯನ್ನೂ ಅವರೇ ಹಾಸಿದರು. ಉಳಿದ ಮನೆಗಳ ಹೆಂಗಸರೂ ತಿಗರಿಗೆ ಕೈಹಚ್ಚಿದರು. ಪ್ರತಿ ಆವಿಗೆಗೂ ಮೊದಲ ಮಡಕೆಯನ್ನು ಮನೆಯ ಹೆಂಗಸೇ ಮಾಡುವುದು ರೂಢಿಯಾಯಿತು. ರೂಢಿ ಯಾವಾಗ ಕಟ್ಟಳೆಯಾಯಿತೋ, ಅದಕ್ಕೆ ದಿನ ವಾರ ಗೊತ್ತು ಮಾಡಿದವರಿಲ್ಲ.

ಮೂವತ್ತು ವರ್ಷ ಕಳೆಯಿತು. ಅವಳ ಕೂದಲು ಬೆಳ್ಳಗಾಯಿತು. ಗಂಡ ತೀರಿಕೊಂಡ. ಮಗಳ ಗಂಡ ಬೇರೆ ಊರಿನವನು, ಮನೆಯಳಿಯನಾಗಿ ಬಂದಿದ್ದ. ಒಂದು ಸಲ ಆವಿಗೆ ಹತ್ತಿರ ಬಂದಾಗ ಮಗಳು ಜ್ವರದಿಂದ ಮಲಗಿದ್ದಳು. ಅಳಿಯ ಒದ್ದೆ ಮಣ್ಣಿನ ಮುದ್ದೆ ತಂದು ತಿಗರಿಯ ಮೇಲೆ ಇಟ್ಟ, ಕೋಲು ತಗಲಿಸಿ ತಿರುಗಿಸಿದ. ಒಳಗಿನಿಂದ ಮುದುಕಿ ಓಡಿ ಬಂದಳು.

"ಏಳಿ ಅಳಿಯಂದಿರೇ. ಮೊದಲ ಮಡಕೆಗೆ ಗಂಡಸು ಕೂರಬಾರದು."

"ಕೂತರೆ ಏನಾಗುತ್ತದೆ ಅತ್ತೆ?"

"ಆವಿಗೆಯಲ್ಲಿ ಮಡಕೆ ನಿಲ್ಲುವುದಿಲ್ಲ."

ಅವನು ತಿಗರಿ ನಿಲ್ಲಿಸಲಿಲ್ಲ. ಕೈಯನ್ನೂ ತೆಗೆಯಲಿಲ್ಲ. ಯಾರು ಹೇಳಿದ್ದು ಎಂದು ಕೇಳಿದ. ಮುದುಕಿ ಉತ್ತರ ಹೇಳಲು ಬಾಯಿ ತೆರೆದಳು.

ಗುರುಗಳು ಕತೆಯನ್ನು ಅಲ್ಲಿಗೆ ಬಿಟ್ಟರು.

ಚನ್ನವೀರ ಕಾದ. ಮುದುಕಿ ಏನೆಂದಳು ಎಂದು ತಿಳಿಯುವ ಆತುರದಲ್ಲಿ, ತನಗೇ ಗೊತ್ತಾಗದಂತೆ, ಎದ್ದು ನಿಂತಿದ್ದ. ಕೈಯನ್ನೂ ಕಟ್ಟಿಕೊಂಡಿದ್ದ. ಹಳೆಯ ಕಟ್ಟಳೆಯನ್ನು ಅವಳೇ ಮುರಿದವಳಲ್ಲವೇ, ಅವಳಿಗೂ ತಿಳಿಯಲಿಲ್ಲವೇ ಎಂದು ಕೇಳಿದ.

ಗುರುಗಳು ಅವನ ಕಟ್ಟಿದ ಕೈಗಳನ್ನು ನೋಡಿದರು.

"ನಮ್ಮ ಗುರುಗಳ ಎದುರು ಎಲ್ಲರೂ ತಲೆತಗ್ಗಿಸಿ ಕುಳಿತೇ ಕೇಳಬೇಕಿತ್ತು ಮಗು, ಮಠದವರೆಲ್ಲ ಬೇಡವೆಂದರೂ ಮೊದಲು ಎದ್ದು ನಿಂತು ಕೇಳಿದವನು ನಾನು."