ಬೆವೆತ ಯಂತ್ರ

ಶಿಷ್ಯನೊಬ್ಬ ಗುರುವಿನ ಮುಂದೆ ಕುಳಿತು ಕೇಳಿದ: "ನನ್ನ ಜೊತೆಗೆ ಕಲಿಯುವವನೊಬ್ಬ ನನಗೆ ಬುದ್ಧಿಮಾತು ಹೇಳಿದ. ಅವನು ನನಗಿಂತ ಮುಂದೆ ಹೋಗಿದ್ದಾನೆ. ಅವನ ಮಾತಿನಲ್ಲಿರುವುದು ನನ್ನ ಒಳಿತೋ, ನನ್ನನ್ನು ಹಿಂದಕ್ಕೆ ತಳ್ಳುವ ಉಪಾಯವೋ? ತಿಳಿಯುವುದು ಹೇಗೆ?"

ಗುರು ಒಂದು ಕತೆ ಹೇಳಿದರು.

ಕಡಲ ದಂಡೆಯ ಊರೊಂದರಲ್ಲಿ ಲೋಹಿತಾಕ್ಷ ಎಂಬವನು ಕಂಪ್ಯೂಟರ್ ಕಟ್ಟುವ ಕೆಲಸ ಮಾಡಿಕೊಂಡಿದ್ದ. ಭಾರೀ ಲೆಕ್ಕಗಳನ್ನು ಮಾಡುವ ಯಂತ್ರಗಳನ್ನು ಬಿಡಿಭಾಗ ತರಿಸಿ ತಾನೇ ಜೋಡಿಸುತ್ತಿದ್ದ. ವಾರಿಜಾ ಎಂಬವಳು ಆ ಕೆಲಸವನ್ನು ಅವನ ಬಳಿಯೇ ಕಲಿತು, ಆರು ವರ್ಷದ ಮೇಲೆ ಬೇರೆ ಅಂಗಡಿ ಇಟ್ಟಳು. ಅಂಗಡಿಯ ಮೊದಲ ದಿನ ದೀಪ ಹಚ್ಚಿದವನು ಲೋಹಿತಾಕ್ಷನೇ. ಆಗ ಜನ ಅವಳನ್ನು ತೋರಿಸಿ, ಇವಳು ಲೋಹಿತಾಕ್ಷನ ಬಳಿ ಕಲಿತವಳು ಎನ್ನುತ್ತಿದ್ದರು. ಎರಡು ವರ್ಷ ಕಳೆಯುವಷ್ಟರಲ್ಲಿ ಅವನನ್ನು ತೋರಿಸಿ, ವಾರಿಜಾಗೆ ಕಲಿಸಿದವನು ಇವನೇ ಎನ್ನತೊಡಗಿದರು. ಮಾತು ಒಂದೇ. ಆದರೆ ಅದು ಹೀಗೆ ತಿರುಗಿದ್ದು ಅವನ ಎದೆಯಲ್ಲಿ ಮುಳ್ಳಾಗಿ ಕೂತಿತು. ಅವಳ ಅಂಗಡಿಯ ಮುಂದೆ ಹೋಗಬೇಕಾಗಿ ಬಂದರೆ ರಸ್ತೆಯ ಆಚೆ ಬದಿಗೆ ದಾಟಿ ನಡೆಯುತ್ತಿದ್ದ. ದಾಟಿದ ಮೇಲೆ, ಒಳಗೆ ಎಷ್ಟು ಜನ ಇದ್ದಾರೆಂದು ತಿರುಗಿ ನೋಡುತ್ತಿದ್ದ.

ಆ ಊರಿನ ಮೀನುಗಾರರ ಸಂಘಕ್ಕೆ ಒಂದು ಕಂಪ್ಯೂಟರ್ ಬೇಕಾಯಿತು. ದೋಣಿಗಳು ಹೊರಡುವ ಮೊದಲೇ ಅದು ಗಾಳಿ ಮತ್ತು ಅಲೆಗಳ ಲೆಕ್ಕ ಹಾಕಿ ಹೇಳಬೇಕು. ಇಬ್ಬರೂ ಒಂದೊಂದು ಯಂತ್ರ ತನ್ನಿ, ಎರಡಕ್ಕೂ ಒಂದೇ ಲೆಕ್ಕ ಕೊಡುತ್ತೇವೆ, ಮೊದಲು ಮುಗಿಸಿದ್ದನ್ನು ಇಟ್ಟುಕೊಳ್ಳುತ್ತೇವೆ ಎಂದು ಸಂಘದವರು ಹೇಳಿ ಕಳುಹಿಸಿದರು.

ವೇಗವಾಗಿ ಲೆಕ್ಕ ಮಾಡುವ ಯಂತ್ರ ಬೇಗ ಕಾಯುತ್ತದೆ. ಅದರ ಬಿಸಿ ಹೀರಲು ಒಳಗೆ ಸಣ್ಣ ಪೈಪುಗಳಲ್ಲಿ ನೀರು ಹರಿಸುತ್ತಾರೆ. ಫ್ಯಾನಿನ ಗಾಳಿಯಿಂದ ಆ ನೀರು ಕೋಣೆಯಷ್ಟೇ ತಣ್ಣಗಾದೀತು, ಅದಕ್ಕಿಂತ ಕೆಳಗೆ ಇಳಿಯದು. ಲೋಹಿತಾಕ್ಷನಿಗೆ ಅಷ್ಟು ಸಾಲಲಿಲ್ಲ. ನೀರನ್ನು ತಂಪು ಮಾಡುವ ಪೆಟ್ಟಿಗೆಯೊಂದನ್ನು ಜೋಡಿಸಿ ಹನ್ನೆರಡು ಡಿಗ್ರಿಗೆ ಇಳಿಸಿದ. ಯಂತ್ರ ಹಿಂದೆಂದೂ ಇಲ್ಲದ ವೇಗದಲ್ಲಿ ಓಡಿತು. ತಣ್ಣನೆಯ ಪೈಪು ಬೆವರುತ್ತದೆಂದು ಅವನಿಗೆ ಗೊತ್ತಿತ್ತು. ವಾರಿಜಾಳ ಅಂಗಡಿಯ ಗಾಜಿನಾಚೆಯಿಂದ ಅವಳ ಯಂತ್ರದ ಪೈಪುಗಳಿಗೆ ಕಪ್ಪು ಫೋಮ್ ಸುತ್ತಿದ್ದನ್ನು ಅವನು ನೋಡಿಕೊಂಡಿದ್ದ. ತಾನೂ ಹಾಗೆಯೇ ಸುತ್ತಿದ. ಬಾಗಿಲು ಮುಚ್ಚಿ, ಎ.ಸಿ. ಹಾಕಿದ ತನ್ನ ಕೋಣೆಯಲ್ಲಿ ಮೂರು ದಿನ ಓಡಿಸಿದ. ಒಂದು ಹನಿಯೂ ಕಾಣಲಿಲ್ಲ.

ಪರೀಕ್ಷೆಯ ಹಿಂದಿನ ದಿನ ಮಧ್ಯಾಹ್ನ ವಾರಿಜಾ ಅವನ ಅಂಗಡಿಗೆ ಬಂದಳು. ಅವನು ನೀರನ್ನು ಹನ್ನೆರಡು ಡಿಗ್ರಿಗೆ ಇಳಿಸಿದ್ದಾನೆಂಬುದು ಅವಳ ಕಿವಿಗೂ ಬಿದ್ದಿತ್ತು. ನಿಂತೇ ಮಾತಾಡಿದಳು.

"ಅಣ್ಣ, ಸಂಘದ ಹಾಲ್‌ಗೆ ಹೋಗಿ ಗಾಳಿಯ ತೇವ ಅಳೆದು ಬಂದೆ. ಅಲ್ಲಿ ತೇವ ಹೀರುವ ಎ.ಸಿ. ಇಲ್ಲ, ಬಾಗಿಲೆಲ್ಲ ಕಡಲ ಕಡೆಗೆ ತೆರೆದಿವೆ. ಇಪ್ಪತ್ತೈದು ಡಿಗ್ರಿಗಿಂತ ತಣ್ಣಗಾದದ್ದೆಲ್ಲ ಅಲ್ಲಿ ಹನಿ ಕಟ್ಟುತ್ತದೆ. ನಾನು ನನ್ನ ನೀರನ್ನು ಇಪ್ಪತ್ತೇಳಕ್ಕೇ ನಿಲ್ಲಿಸುತ್ತೇನೆ. ನೀವು ಇನ್ನೂ ಇಳಿಸುವುದಾದರೆ ಪೈಪಿಗೆ ಫೋಮ್ ಸುತ್ತಿದರೆ ಸಾಲದು. ಪ್ರೊಸೆಸರ್ ಸುತ್ತಲೂ, ಬೋರ್ಡಿನ ಹಿಂದೆಯೂ ಗಾಳಿ ಹೋಗದ ಹಾಗೆ ಮುಚ್ಚಬೇಕು."

ಅವಳು ಹೋದ ಮೇಲೆ ಲೋಹಿತಾಕ್ಷ ಬಹಳ ಹೊತ್ತು ಯೋಚಿಸಿದ. ತನ್ನ ಯಂತ್ರದ ವೇಗ ಅವಳಿಗೆ ತಿಳಿದುಹೋಗಿದೆ. ಗೆಲ್ಲಲಾಗುವುದಿಲ್ಲವೆಂದು ಅವಳಿಗೆ ಗೊತ್ತು. ಅದಕ್ಕೇ ತನ್ನನ್ನೂ ಇಪ್ಪತ್ತೇಳಕ್ಕೆ ಎಳೆಯಲು ಬಂದಿದ್ದಾಳೆ. ಹೀಗೆ ಅಂದುಕೊಂಡಾಗ ಅವನಿಗೆ ಎಷ್ಟೋ ದಿನದ ಮೇಲೆ ಹಾಯೆನಿಸಿತು. ಹನ್ನೆರಡಿದ್ದುದನ್ನು ಹತ್ತಕ್ಕೆ ಇಳಿಸಿದ.

ಮರುದಿನ ಬೆಳಿಗ್ಗೆ ಹಾಲ್ ತುಂಬ ಜನ. ಎರಡೂ ಯಂತ್ರಗಳಿಗೆ ಲೆಕ್ಕ ಕೊಟ್ಟರು. ಅವನದು ಅರ್ಧ ಮುಗಿಸಿದಾಗ ಅವಳದು ಮೂರರಲ್ಲೊಂದು ಪಾಲನ್ನೂ ದಾಟಿರಲಿಲ್ಲ. ಅವನು ಅವಳ ಮುಖ ನೋಡಿದ. ಅವಳು ತನ್ನ ಪರದೆ ಬಿಟ್ಟು ಅವನ ಯಂತ್ರದ ಒಳಗನ್ನೇ ದಿಟ್ಟಿಸುತ್ತಿದ್ದಳು. ಈಗ ಅವಳ ಹೊಟ್ಟೆ ಉರಿಯುತ್ತಿದೆ ಎಂದುಕೊಂಡ. ಅಷ್ಟು ವರ್ಷ ಅವನು ಬಯಸಿದ್ದು ಅದೊಂದನ್ನೇ. ಅವಳು ಎದ್ದು ಬಂದು ಅವನಿಗೆ ಮಾತ್ರ ಕೇಳುವಂತೆ, "ಅಣ್ಣ, ಈಗಲೇ ಆಫ್ ಮಾಡಿ" ಎಂದಳು. ಅವನು ನಕ್ಕು ಕೈ ಕಟ್ಟಿ ನಿಂತ.

ಚಟ್ಟೆಂದು ಸದ್ದಾಯಿತು. ಪರದೆ ಕಪ್ಪಾಯಿತು. ಸುಟ್ಟ ವಾಸನೆ ಬಂತು.

ಯಂತ್ರ ಬಿಚ್ಚಿದರೆ ಪ್ರೊಸೆಸರ್ ಸುತ್ತ ನೀರು ನಿಂತಿತ್ತು. ಬೋರ್ಡಿನ ಹಿಂಬದಿಯಲ್ಲಿ ಹನಿ ಇಳಿದು ಹೋದ ಗೆರೆ ಇತ್ತು. ಲೋಹಿತಾಕ್ಷನ ಬಾಯಿಂದ ಎಲ್ಲರ ಮುಂದೆ ಮಾತು ಬಂದುಬಿಟ್ಟಿತು: "ಯಾರೋ ನನ್ನ ಪೈಪಿನ ಜೋಡಣೆ ಸಡಿಲ ಮಾಡಿದ್ದಾರೆ." ಯಾರು ಎನ್ನಲಿಲ್ಲ. ಆದರೆ ವಾರಿಜಾಳ ಕಡೆಗೇ ನೋಡುತ್ತಿದ್ದ.

ಸಂಘದ ಹಿರಿಯರೊಬ್ಬರು ಅವನ ಯಂತ್ರದ ಪೈಪುಗಳಿಗೆ ನೀರು ಹರಿಸುವ ತೊಟ್ಟಿಯ ಮುಚ್ಚಳ ತೆಗೆದು ನೋಡಿದರು. ನೀರು ಬೆಳಿಗ್ಗೆ ತುಂಬಿದ ಗುರುತಿನಲ್ಲೇ ಇತ್ತು. ಒಂದು ತೊಟ್ಟೂ ಇಳಿದಿರಲಿಲ್ಲ. ಪೈಪುಗಳ ಮೇಲೆ ಕೈಯಾಡಿಸಿದರು. ಎಲ್ಲಿಯೂ ಸೋರಿರಲಿಲ್ಲ. ಯಂತ್ರವನ್ನು ಸುಟ್ಟ ನೀರು ಅವರೆಲ್ಲ ಉಸಿರಾಡುತ್ತಿದ್ದ ಗಾಳಿಯಿಂದ ಇಳಿದದ್ದು. ಹಿರಿಯರು ಮುಚ್ಚಳ ಹಾಕಿದರು.

ವಾರಿಜಾಳ ಯಂತ್ರ ನಿಧಾನವಾಗಿ ಲೆಕ್ಕ ಮುಗಿಸಿತು. ಸಂಘದವರು ಅದನ್ನೇ ಇಟ್ಟುಕೊಂಡರು.

ಲೋಹಿತಾಕ್ಷ ಹೊಸ ಬೋರ್ಡ್ ತಂದು ಮತ್ತೆ ಯಂತ್ರ ಕಟ್ಟಿದ. ಕೆಲಸವೂ ಬಂತು. ಆದರೆ ವಾರಿಜಾ ಮತ್ತೆ ಅವನ ಅಂಗಡಿಯ ಮೆಟ್ಟಿಲು ಹತ್ತಲಿಲ್ಲ. ಅವನು ಏನನ್ನಾದರೂ ತಪ್ಪಾಗಿ ಜೋಡಿಸುತ್ತಿದ್ದರೆ ಬಂದು ಹೇಳುವವರು ಆ ಊರಿನಲ್ಲಿ ಬೇರೆ ಯಾರೂ ಇರಲಿಲ್ಲ.

ಗುರು ಕತೆ ನಿಲ್ಲಿಸಿದರು. ಶಿಷ್ಯನಿಗೆ ಸಮಾಧಾನವಾಗಲಿಲ್ಲ. "ಅವಳು ಒಳ್ಳೆಯ ಮನಸ್ಸಿನಿಂದಲೇ ಹೇಳಿದಳೆಂದು ಹಿಂದಿನ ದಿನ ಅವನಿಗೆ ತಿಳಿಯುವುದಾದರೂ ಹೇಗಿತ್ತು?" ಎಂದ.

ಗುರು ಹೇಳಿದರು: "ಅವನು ಅವಳ ಮನಸ್ಸನ್ನು ಅಳೆಯಬೇಕಿರಲಿಲ್ಲ, ಗಾಳಿಯನ್ನು ಅಳೆದಿದ್ದರೆ ಸಾಕಿತ್ತು."