ಪೆನ್ಸಿಲ್ಲಿನಲ್ಲಿ ಬರೆದ ಮಾತು

ಜಪಾನಿನ ಒಂದು ಸಣ್ಣ ಬಂದರಿನಲ್ಲಿ ಫುಮಿಯೆ ಎಂಬ ಕಲಾವಿದೆ ಇದ್ದರು. ಮಾಂಗಾ ಎಂಬ ಚಿತ್ರಕಥೆಗಳನ್ನು ಅವರು ಪುಸ್ತಕದಲ್ಲಿ ಬಿಡಿಸುತ್ತಿರಲಿಲ್ಲ. ಆಳೆತ್ತರದ ಹಲಗೆಗಳ ಮೇಲೆ ಬಿಡಿಸಿ ಕಡಲ ದಂಡೆಯಲ್ಲಿ ನಿಲ್ಲಿಸುತ್ತಿದ್ದರು.

ಚಿತ್ರ ಅವರದು. ಪಾತ್ರಗಳ ಬಾಯಿಯ ಪಕ್ಕದ ಮಾತಿನ ಗುಳ್ಳೆ ಮಾತ್ರ ಖಾಲಿ. ಅಲ್ಲೇ ಇಟ್ಟ ಕುಂಚ ಹಿಡಿದು ಊರಿನವರು ತಮಗೆ ತೋಚಿದ್ದನ್ನು ಅದರೊಳಗೆ ಬರೆಯಬೇಕು.

ನೊಬುಹಿಕೊ ಫುಮಿಯೆಯವರ ಶಿಷ್ಯ. ಹಿಂದೆ ಹನ್ನೊಂದು ವರ್ಷ ದೊಡ್ಡ ದೊಡ್ಡ ಚಿತ್ರಕಾರರ ಕೈಕೆಳಗೆ ದುಡಿದಿದ್ದ. ಅವರ ಕಥೆಗಳಲ್ಲಿ ಮಳೆ ಬಿಡಿಸಿದವನು ಇವನು, ಕಿಟಕಿ ಬಿಡಿಸಿದವನು ಇವನು, ಶಾಯಿ ಒಣಗಿದ ಮೇಲೆ ಪೆನ್ಸಿಲ್ ಗೆರೆಗಳನ್ನು ಅಳಿಸಿದವನೂ ಇವನೇ. ಹೆಸರು ಮಾತ್ರ ಎಲ್ಲೂ ಬರಲಿಲ್ಲ.

"ಗುರುಗಳೇ, ನಾನು ಮುಖ ಬಿಡಿಸೋದು ಯಾವಾಗ?"

"ಮೊದಲು ಬಂದವರ ಮುಖ ನೋಡು."

ಹಲಗೆ ನೋಡಲು ಇವಾಮತ್ಸು ಎಂಬ ಮುದುಕ ದಿನಾ ಬರುತ್ತಿದ್ದ. ಹೆಂಡತಿ ಸತ್ತು ಎರಡು ವರ್ಷವಾಗಿತ್ತು. ಅಂದಿನಿಂದ ಅವನಿಗೆ ಯಾರ ಜೊತೆಯೂ ಮಾತಿರಲಿಲ್ಲ.

ಒಂದೇ ಹಲಗೆಯ ಮುಂದೆ ಅವನು ನಿಲ್ಲುತ್ತಿದ್ದ. ಅದರಲ್ಲಿ ಒಬ್ಬ ಹೆಂಗಸು ಹೊರಟು ನಿಂತಿದ್ದಳು. ಬಾಗಿಲಲ್ಲಿದ್ದ ಗಂಡಸಿನ ಗುಳ್ಳೆ ಖಾಲಿ ಇತ್ತು.

ಆರನೆಯ ದಿನ ಮುದುಕ ಜೇಬಿನಿಂದ ಮೋಟು ಪೆನ್ಸಿಲ್ ತೆಗೆದ. ಆ ಗುಳ್ಳೆಯೊಳಗೆ ತೆಳ್ಳಗೆ ಏನೋ ಬರೆದು ಹೋದ.

ಸಂಜೆ ನೊಬುಹಿಕೊ ಹಲಗೆಗಳ ಧೂಳು ಒರೆಸಲು ಬಂದ. ಪೆನ್ಸಿಲ್ ಗೆರೆ ಕಂಡಿತು, ಅಳಿಸಿದ. ಪಾಪ, ಹನ್ನೊಂದು ವರ್ಷ ಪಳಗಿದ ಕೈ ಅದು, ಕಣ್ಣನ್ನು ಎಲ್ಲಿ ಕೇಳುತ್ತದೆ!

ಮರುದಿನ ಮುದುಕ ಬಂದು ಖಾಲಿ ಗುಳ್ಳೆಯ ಮೇಲೆ ಬೆರಳಾಡಿಸಿದ. ಸುತ್ತ ಒಮ್ಮೆ ನೋಡಿದ. ತಲೆ ತಗ್ಗಿಸಿಕೊಂಡು ಹೊರಟುಹೋದ.

ನೊಬುಹಿಕೊ ಅದನ್ನೆಲ್ಲ ನೋಡುತ್ತಿದ್ದ. ಗುರುವಿನ ಬಳಿ ಓಡಿದ.

"ತಪ್ಪಾಯ್ತು. ಆ ಅಜ್ಜ ಬರೆದಿದ್ದನ್ನ ಅಳಿಸ್ಬಿಟ್ಟೆ, ಅದು ಮಾತು ಅಂತ ಗೊತ್ತಾಗ್ಲಿಲ್ಲ. ಬರೀ ಗೆರೆ ಅಂದ್ಕೊಂಡೆ."

"ಏನು ಬರೆದಿದ್ರು?"

"ಓದಲೇ ಇಲ್ಲ."

ಫುಮಿಯೆ ಎದ್ದು ಹೋಗಿ ಆ ಖಾಲಿ ಗುಳ್ಳೆಯನ್ನು ನೋಡಿದರು. ಆಮೇಲೆ ಹೇಳಿದರು, "ಹಲಗೆ ಹೊತ್ಕೊಂಡು ಅವರ ಮನೆಗೆ ಹೋಗು."

ಅವನು ಹೋದ. ಬಿಸಿಲು ಇಳಿಯುವ ಹೊತ್ತಿಗೆ ಹಲಗೆ ಹೊತ್ತುಕೊಂಡೇ ವಾಪಸು ಬಂದ. ಗುಳ್ಳೆ ಖಾಲಿಯೇ ಇತ್ತು.

"ಬರೀಲಿಲ್ವಾ?"

"ಇಲ್ಲ. ಒಂದ್ಸಲ ಹೇಳಿದ್ದಾಯ್ತು, ಇನ್ನೊಂದ್ಸಲ ನನ್ನ ಕೈಲಿ ಆಗಲ್ಲ ಅಂದ್ರು."

"ಬೈದ್ರಾ?"

"ಬೈದಿದ್ರೆ ಚೆನ್ನಾಗಿತ್ತು. ಚಹಾ ಕೊಟ್ರು. ಇಬ್ಬರೂ ಕೂತು ಕುಡಿದ್ವಿ. ಹೊರಡೋವಾಗ ನನ್ನ ಹೆಸರು ಕೇಳಿದ್ರು. ಮರೆತುಹೋಗುತ್ತೆ ಅಂತ ಇನ್ನೊಂದ್ಸಲ ಕೇಳಿದ್ರು."

ನೊಬುಹಿಕೊ ಹಲಗೆಯನ್ನು ಕೆಳಗಿಟ್ಟ. ತಾನೂ ಎಷ್ಟು ವರ್ಷದಿಂದ ಒಬ್ಬನೇ ಇದ್ದೆ ಎಂಬುದು ಅವನಿಗೆ ಆಗ ತಿಳಿಯಿತು. ಅಳು ಬಂತು, ಅತ್ತ.

ಫುಮಿಯೆ ಅವನನ್ನು ತಡೆಯಲಿಲ್ಲ.

ಕಣ್ಣೊರೆಸಿಕೊಂಡು ನೊಬುಹಿಕೊ ಕೇಳಿದ, "ಆ ಮಾತು ಹೋಗೇಬಿಡ್ತಲ್ಲ ಗುರುಗಳೇ. ನಾಳೆ ಹಲಗೆ ತಗೊಂಡು ಇನ್ನೊಂದ್ಸಲ ಹೋಗ್ಲಾ?"

"ನಾಳೆ ಹೋಗು, ನಾಡಿದ್ದೂ ಹೋಗು," ಎಂದರು ಫುಮಿಯೆ. "ಹಲಗೆ ಇಲ್ಲೇ ಇರಲಿ."